ಎಂಟು ಬೆರಳಿನ ಗುರುತು

ರೇವವ್ವ ಚಂದಪ್ಪ ಮಾಸ್ತರರನ್ನು ಮೊದಲ ಸಲ ಕಂಡದ್ದು ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೂರನೆಯ ದಿನ, ಬುಧವಾರ, ತಾಂಬಾ ಊರ ಹೊರಗಿನ ಲಿಂಬೆ ಶೆಡ್ಡಿನಲ್ಲಿ. ವಾರ ಮರೆತಿಲ್ಲ ಏಕೆಂದರೆ ಬುಧವಾರ ಇಂಡಿ ಪೇಟೆಯ ಗಾಡಿ ತಡಮಾಡಿ ಬರುತ್ತಿತ್ತು. ಅದಕ್ಕೇ ಸಂಜೆ ನಾಲ್ಕಾದರೂ ಆಕೆಯ ಮುಂದೆ ಹಣ್ಣಿನ ರಾಶಿ ಮೊಣಕಾಲೆತ್ತರ ಉಳಿದಿತ್ತು.

ಶೆಡ್ಡು ಇಜಾಜನದು. ಸುತ್ತಲ ತೋಟದ ಲಿಂಬೆಯೆಲ್ಲ ಅಲ್ಲಿ ಬಂದು ಬೀಳಬೇಕು, ಗಾತ್ರದ ಪ್ರಕಾರ ಬೇರೆಯಾಗಬೇಕು, ಚೀಲ ಸೇರಿ ಇಂಡಿಗೆ ಹೋಗಬೇಕು. ಬೇರೆ ಮಾಡುವವಳು ರೇವವ್ವ. ಗಂಡ ತೀರಿಕೊಂಡ ವರ್ಷ ಆ ಗೋಣಿತಟ್ಟಿನ ಮೇಲೆ ಕೂತವಳು, ಇಪ್ಪತ್ತು ವರ್ಷ ಅದೇ ಜಾಗ ಬಿಟ್ಟು ಏಳಲಿಲ್ಲ. ತನ್ನ ಹೆಸರಿನ ಮೂರು ಅಕ್ಷರ ಬಿಟ್ಟರೆ ಬರೆಯಲು ಬಾರದು. ಆದರೆ ಹಣ್ಣು ಅಂಗೈಗೆ ತಗಲಿದರೆ ಸಾಕು, ಕಣ್ಣು ಬೇಕಿರಲಿಲ್ಲ. ದೊಡ್ಡದು ಬಲಕ್ಕೆ, ನಡುತರದ್ದು ಮುಂದಕ್ಕೆ, ಸಣ್ಣದು ಎಡಕ್ಕೆ, ಕಲೆ ಬಿದ್ದದ್ದು ಬೆನ್ನ ಹಿಂದಕ್ಕೆ. ಒಗೆದ ಹಣ್ಣು ಬುಟ್ಟಿಯ ನಟ್ಟನಡುವೆ ಬೀಳುತ್ತಿತ್ತು. ಒಂದು ಬುಟ್ಟಿಯ ಅಂಚಿಗೆ ತಗಲಿದರೆ ಆ ಇಡೀ ದಿನ ಆಕೆಗೆ ಮೈಯಲ್ಲಿ ಏನೋ ಸರಿಯಿಲ್ಲ ಅನಿಸುತ್ತಿತ್ತು.

ಕೊರಳಲ್ಲಿ ಸೀಟಿ ಹಾಕಿಕೊಂಡ ಒಬ್ಬ ಮನುಷ್ಯ ಹಳೆಯ ಟಿವಿಎಸ್ ನಿಲ್ಲಿಸಿ ಒಳಗೆ ಬಂದ. ಬರುವಾಗಲೇ ಎರಡು ಹಣ್ಣು ತುಳಿದ. ತುಳಿದದ್ದು ಕಾಲಿಗೆ ಗೊತ್ತಾದ ಮೇಲೆ ಬಗ್ಗಿ ನೋಡಿದ.

ಕೆಟ್ಟ ಲಿಂಬೆ ಎಷ್ಟಿವೆ ಎಂದು ಕೇಳಿದ. ಉಪ್ಪಿನಕಾಯಿಗೋ ಎಂದು ಆಕೆ ಕೇಳಿದಳು. ಅಲ್ಲ, ಬಡಿಯುವುದಕ್ಕೆ ಎಂದ.

ರೇವವ್ವ ಕೈ ನಿಲ್ಲಿಸಿದಳು. ಆಕೆ ಕೆಲಸದ ಹೊತ್ತಿನಲ್ಲಿ ಕೈ ನಿಲ್ಲಿಸುವುದು ಅಪರೂಪ. ಹುಳಿ ಹಿಂಡುವವರನ್ನು ಕಂಡಿದ್ದಳು, ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಇಡುವವರನ್ನು ಕಂಡಿದ್ದಳು, ಹೊಸ ಗಾಡಿಯ ಗಾಲಿಯ ಕೆಳಗಿಟ್ಟು ಹಾಯಿಸುವವರನ್ನು ಕಂಡಿದ್ದಳು. ಬಡಿಯುವವರನ್ನು ಕಂಡಿರಲಿಲ್ಲ. ಇಜಾಜ ಗಲ್ಲಾಪೆಟ್ಟಿಗೆಯ ಹಿಂದಿನಿಂದ ನಕ್ಕು, "ಆಯಿ, ಅವರು ಹೈಸ್ಕೂಲಿನ ಡ್ರಿಲ್ ಮಾಸ್ತರರು. ಹುಡುಗಿಯರಿಗೆ ಅದೇನೋ ಬೇಸ್‌ಬಾಲ್ ಕಲಿಸ್ತಾರ. ಬೆನ್ನ ಹಿಂದಿನ ಬುಟ್ಟಿ ಕೊಟ್ಟು ಕಳಿಸು" ಅಂದ.

ಎಷ್ಟು ಬೇಕು ಎಂದಳು. ದಿನಕ್ಕೆ ನೂರು, ಆದರೆ ಎಲ್ಲಾ ಒಂದೇ ಗಾತ್ರ ಇರಬೇಕು ಎಂದ. ಕೆಟ್ಟ ಹಣ್ಣಿನಲ್ಲೂ ಗಾತ್ರ ಕೇಳುವ ಗಿರಾಕಿ ಆಕೆಗೆ ಇವನೇ ಮೊದಲಿನವ. ಆ ಒಂದು ಮಾತಿಗೆ ಮಾಸ್ತರರ ಬಗ್ಗೆ ಆಕೆಗೆ ಮರ್ಯಾದೆ ಹುಟ್ಟಿತು. ಎಣಿಸಿ ನೂರು ಕೊಟ್ಟಳು. ನೂರೂ ಒಂದೇ ಸಮ.

ಮರುದಿನ, ಮೂರನೆಯ ದಿನ, ಮಾಸ್ತರರು ಬರುತ್ತಲೇ ಇದ್ದರು. ಬುಟ್ಟಿ ತುಂಬುವ ತನಕ ನಿಂತು ಮಾತಾಡುತ್ತಿದ್ದರು. ಹಾಗೆ ಅವರ ಕತೆ ಆಕೆಗೆ ತುಣುಕು ತುಣುಕಾಗಿ ತಿಳಿಯಿತು.

ಅವರು ಝಳಕಿಯವರು. ಅಪ್ಪ ಹೆದ್ದಾರಿಗೆ ಖಡಿ ಕಲ್ಲು ಒಡೆಯುತ್ತಿದ್ದ. ಹುಡುಗ ಚಂದಪ್ಪ ಲಾರಿಯ ಜೊತೆ ಪಂಥ ಕಟ್ಟಿ ಓಡುತ್ತಿದ್ದ. ಓಟದಿಂದಲೇ ಸಾಲಿ, ಓಟದಿಂದಲೇ ನೌಕರಿ. ತಾಂಬಾಕ್ಕೆ ಬಂದ ವರ್ಷ ಸಾಲಿಗೆ ಮೇಲಿನಿಂದ ಒಂದು ಕಬ್ಬಿಣದ ಪೆಟ್ಟಿಗೆ ಬಂತು. ಒಳಗೆ ಎರಡು ದುಂಡನೆಯ ಬ್ಯಾಟು, ಆರು ಚರ್ಮದ ಕೈಚೀಲ, ಒಂದು ಡಜನ್ ಚೆಂಡು. ಇದು ಏನು ಎಂದು ಹೆಡ್‌ಮಾಸ್ತರರಿಗೆ ಗೊತ್ತಿಲ್ಲ, ಕಳಿಸಿದವರಿಗೂ ಗೊತ್ತಿರಲಿಕ್ಕಿಲ್ಲ. ಬೇರೆಯವರಾಗಿದ್ದರೆ ಕೀಲಿ ಹಾಕಿ ಮೂಲೆಗೆ ಸರಿಸುತ್ತಿದ್ದರು. ಚಂದಪ್ಪ ಮಾಸ್ತರರು ಧಾರವಾಡಕ್ಕೆ ಹೋಗಿ ಹತ್ತು ದಿನ ಆ ಆಟ ಕಲಿತು ಬಂದರು. ಚೆಂಡು ನೆಲಕ್ಕೆ ಪುಟಿಯದೆ ಗಾಳಿಯಲ್ಲೇ ಬರುತ್ತದೆ, ಅದನ್ನು ಬಡಿದು ಓಡಬೇಕು, ಇಷ್ಟೇ ಆಟ ಎಂದು ಅವರು ರೇವವ್ವನಿಗೆ ತಿಳಿಸಿ ಹೇಳಿದರು. ಬಡಿಯುವುದೇ ಕಷ್ಟ ಎಂದೂ ಹೇಳಿದರು.

ಹನ್ನೆರಡು ವರ್ಷದಲ್ಲಿ ನಾಲ್ಕು ಹುಡುಗಿಯರನ್ನು ರಾಜ್ಯದ ತಂಡದ ಆಯ್ಕೆಗೆ ಕರೆದುಕೊಂಡು ಹೋಗಿದ್ದರು. ನಾಲ್ವರೂ ಹೋದ ಬಸ್ಸಿಗೇ ತಿರುಗಿ ಬಂದರು. ಚೆಂಡುಗಳೆಲ್ಲ ಹೊಲಿಗೆ ಬಿಚ್ಚಿ ಹೋಗಿದ್ದವು. ಇಂಡಿಯಲ್ಲಿ ಸಿಗುವುದಿಲ್ಲ, ಸಿಂದಗಿಯಲ್ಲಿ ಕೇಳಿದರೆ ಕ್ರಿಕೆಟ್ ಚೆಂಡು ತೋರಿಸುತ್ತಾರೆ. ಅದಕ್ಕೇ ಲಿಂಬೆ. ಬರುವ ಮೇ ತಿಂಗಳು ಅವರಿಗೆ ನಿವೃತ್ತಿ. ಆಮೇಲೆ ಪೆಟ್ಟಿಗೆ ಮುಚ್ಚುತ್ತದೆ.

"ಈ ವರ್ಷ ಒಬ್ಬಾಕಿ ಅದಾಳವ್ವಾ. ಒಬ್ಬಾಕಿ ಹೋದ್ರ ಸಾಕು ನನಗ" ಎಂದರು.

ಆ ಒಬ್ಬಾಕಿ ರೇಣುಕಾ, ಹತ್ತನೆಯ ಇಯತ್ತೆ. ಸಾಲಿಯ ಬಯಲಿಗೆ ಹೊಂದಿಕೊಂಡು ತೊಗರಿ ಹೊಲ ಮಾಡುವ ಮಾಳಿಂಗನ ಮಗಳು. ರೇವವ್ವನ ಓಣಿಯವಳೇ. ಗಟ್ಟಿ ಮುಂಗೈ, ಗಿಡ್ಡ ಕೊರಳು, ಬೈದರೆ ನಗುವ ಹುಡುಗಿ.

ಒಂದು ಸಂಜೆ ಬುಟ್ಟಿ ತಿರುಗಿ ತರಲೆಂದು ರೇವವ್ವ ಬಯಲಿಗೆ ಹೋದಳು. ಮಾಸ್ತರರು ಪಕ್ಕದಲ್ಲಿ ಮಂಡಿಯೂರಿ ಒಂದೊಂದೇ ಹಣ್ಣು ಮೇಲಕ್ಕೆ ಒಗೆಯುತ್ತಿದ್ದರು, ರೇಣುಕಾ ಬಡಿಯುತ್ತಿದ್ದಳು. ಒಂದು ಹಣ್ಣು ಹುಡುಗಿಯ ಮೊಣಕಾಲಿಗೆ, ಒಂದು ಹಣೆಯೆತ್ತರ, ಒಂದು ಕೈಗೆ ನಿಲುಕದಷ್ಟು ಮುಂದೆ. ಹನ್ನೊಂದು ಹಣ್ಣಿನ ತನಕ ರೇವವ್ವ ತಡೆದುಕೊಂಡಳು. ಹನ್ನೆರಡನೆಯದಕ್ಕೆ ಆಗಲಿಲ್ಲ. ಮಾಸ್ತರರು ಒಗೆದ ಒಂದು ಹಣ್ಣೂ ಒಂದೇ ಕಡೆ ಬೀಳಲೊಲ್ಲದು, ಹುಡುಗಿ ಬಡಿಯಬೇಕೋ ಹುಡುಕಬೇಕೋ ಎಂದು ಕೇಳಿದಳು. ಮಾಸ್ತರರು ಸಿಟ್ಟಾಗಲಿಲ್ಲ. ಎದ್ದು ಮಂಡಿಯ ಮಣ್ಣು ಕೊಡವಿ, ಕೂಡುವ ಮಣೆಯನ್ನು ಆಕೆಯ ಕಡೆ ಸರಿಸಿದರು.

ಅವತ್ತಿನಿಂದ ಆ ಮಣೆ ರೇವವ್ವನದಾಯಿತು.

ಆಕೆ ಒಗೆದರೆ ಹಣ್ಣು ಹುಡುಗಿಯ ಟೊಂಕದೆತ್ತರಕ್ಕೆ ಏರಿ, ಅರೆಗಳಿಗೆ ನಿಂತಂತೆ ಮಾಡಿ ಇಳಿಯುತ್ತಿತ್ತು. ನೂರು ಸಲ ಒಗೆದರೆ ನೂರು ಸಲವೂ ಅಲ್ಲೇ. ಮಾಸ್ತರರು ಇನ್ನೊಂದು ಉಪಾಯ ಮಾಡಿದ್ದರು. ಕರಿಹಲಗೆಯ ಖಡು ಪುಡಿ ಮಾಡಿ ಬ್ಯಾಟಿಗೆ ಉದ್ದಕ್ಕೂ ಬಳಿಯುವುದು. ಹಣ್ಣು ತಗಲಿದಲ್ಲಿ ಬಿಳಿಯ ಮೇಲೆ ಹಸಿ ಗುರುತು ಬೀಳುತ್ತಿತ್ತು. ಪ್ರತಿ ಬಡಿತಕ್ಕೂ ಅವರದು ಒಂದೇ ಪ್ರಶ್ನೆ: "ಗುರುತು ಎಲ್ಲೈತಿ?" ರೇಣುಕಾ ಬ್ಯಾಟು ಚಾಚಿದರೆ ರೇವವ್ವ ತುದಿಯಿಂದ ಬೆರಳಿಟ್ಟು ಅಳೆಯುತ್ತಿದ್ದಳು. ನಾಲ್ಕು ಬೆರಳು ಅಂದರೆ ಮಾಸ್ತರರು ತಲೆ ಅಲ್ಲಾಡಿಸುತ್ತಿದ್ದರು. ಹನ್ನೆರಡು ಅಂದರೆ ನಾಲಿಗೆ ಲೊಚಗುಡುತ್ತಿದ್ದರು. ಎಂಟು ಬೇಕು. ಎಂಟು ಬೆರಳಿಗೆ ತಗಲಿದ ಚೆಂಡು ಕೈಗೆ ಭಾರವೇ ಅನಿಸದೆ ಹೋಗುತ್ತದೆ, ಸಪ್ಪಳವೂ ಬೇರೆ, ತುಂಬಿದ ಕೊಡ ತಟ್ಟಿದ ಹಾಗೆ. ತುದಿಗೆ ತಗಲಿದರೆ ಒಡಕು ಕೊಡದ ಸಪ್ಪಳ ಎನ್ನುತ್ತಿದ್ದರು. ರೇವವ್ವನಿಗೆ ಸಪ್ಪಳಗಳ ವ್ಯತ್ಯಾಸ ಅಷ್ಟು ಗೊತ್ತಾಗುತ್ತಿರಲಿಲ್ಲ. ಆಕೆಗೆ ಬೆರಳಿನ ಲೆಕ್ಕ ಸಾಕಾಗಿತ್ತು.

ಎಂಟು ಬೀಳುತ್ತಿರಲಿಲ್ಲ. ಬಿದ್ದರೂ ಹಣ್ಣು ನೆಲ ಕಚ್ಚಿಕೊಂಡು ಹೋಗುತ್ತಿತ್ತು. ಮಾಸ್ತರರು ದಿನಾ ಹೇಳುತ್ತಿದ್ದರು: ತೋಳಿನಿಂದ ಬಡಿಯಬೇಡ, ಮೈಯಿಂದ ಬಡಿ, ಹಿಂದಿನ ಕಾಲು ತಿರುಗಲಿ. ರೇಣುಕಾ ಹೂಂ ಅನ್ನುತ್ತಿದ್ದಳು, ಮತ್ತೆ ಹಾಗೇ ಬಡಿಯುತ್ತಿದ್ದಳು. ರೇವವ್ವ ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೆಯ ದಿನ ಗೊತ್ತಾಯಿತು. ಹುಡುಗಿ ತೊಗರಿ ಬಡಿಯುತ್ತಿದ್ದಾಳೆ. ಪ್ರತಿ ಸುಗ್ಗಿಯಲ್ಲಿ ಕಣದಲ್ಲಿ ನಿಂತು ಬಡಿಗೆ ತಲೆಯ ಮೇಲೆತ್ತಿ ಕೆಳಕ್ಕೆ ಹಾಕಿದ ಕೈ ಅದು. ಬ್ಯಾಟು ಹಿಡಿದರೂ ಮೇಲಿನಿಂದಲೇ ಇಳಿಯುತ್ತದೆ.

ಮರುದಿನ ರೇವವ್ವ ಮನೆಯ ಜಂತಿಯಿಂದ ಒಂದು ಕವಣೆ ಇಳಿಸಿ ತಂದಳು. ನಾರಿನ ಹಗ್ಗ ಇಲಿ ಕಡಿದು ಸಣ್ಣಗಾಗಿತ್ತು. ಮದುವೆಗೆ ಮುಂಚೆ ಅಪ್ಪನ ಜೋಳದ ಹೊಲದಲ್ಲಿ ಅಟ್ಟ ಏರಿ ಹಕ್ಕಿ ಹೊಡೆಯುತ್ತಿದ್ದ ಕವಣೆ. ಆ ಕಾಲದಲ್ಲಿ ತೆನೆ ಹಾಲು ತುಂಬಿದಾಗ ಹೊಲ ಹೊಲಕ್ಕೂ ಒಂದು ಅಟ್ಟ, ಅಟ್ಟಕ್ಕೊಬ್ಬ ಹುಡುಗಿ. ಒಬ್ಬಳು ಕೂಗಿದರೆ ಇನ್ನೊಬ್ಬಳು ಓಗೊಡುವಳು, ಕೂಗು ಹೊಲ ದಾಟಿ ಹಳ್ಳದ ತನಕ ಹೋಗುವುದು. ಈಗ ಜೋಳವೇ ಕಡಿಮೆ, ಅಟ್ಟ ಎಲ್ಲಿಂದ ಬರಬೇಕು. ರೇವವ್ವ ಒಂದು ಲಿಂಬೆ ಇಟ್ಟು ಕವಣೆ ತಿರುಗಿಸಿದಳು. ಅರುವತ್ತು ವರ್ಷದ ಮೈ ಒಂದು ಸುತ್ತು ನೆಟ್ಟಗೆ ತಿರುಗಿತು. ಹಣ್ಣು ಸಾಲಿಯ ಹಂಚು ದಾಟಿ ಹೋಯಿತು. ರೇಣುಕಾ ಬಾಯಿ ಬಿಟ್ಟು ನೋಡಿದಳು.

"ಏ ರೇಣಿ, ಟೊಂಕ ಮೊದಲು ಹೋಗತೈತಿ. ಕೈ ಅದರ ಹಿಂದ ಬರತೈತಿ. ಕೈಗೆ ಅವಸರ ಮಾಡಿದ್ರ ಕಲ್ಲು ನಿನ್ನ ತಲಿಗೇ ಬೀಳತೈತಿ."

ಹುಡುಗಿ ಎರಡು ದಿನ ಬ್ಯಾಟು ಮುಟ್ಟಲಿಲ್ಲ, ಕವಣೆ ಬೀಸಿದಳು. ಮೂರನೆಯ ದಿನ ಬ್ಯಾಟು ಹಿಡಿದಾಗ ಹಿಂದಿನ ಕಾಲು ತಾನೇ ತಿರುಗಿ ಹಿಮ್ಮಡಿ ಮೇಲೆದ್ದಿತು. ಏಳು ಬೆರಳು, ಎಂಟು, ಎಂಟು, ಒಂಬತ್ತು. ಹಣ್ಣು ಬಯಲು ದಾಟಿತು. ಮಾಸ್ತರರು ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನು ಮರೆತರು.

ಬಯಲು ದಾಟಿದರೆ ಮಾಳಿಂಗನ ತೊಗರಿ.

ಮಾಳಿಂಗ ಒಂದು ಬೆಳಗ್ಗೆ ಸಾಲಿನ ನಡುವಿನ ಕಳೆಗೆ ಎಡೆ ಹೊಡೆಯಲು ಎತ್ತು ಕಟ್ಟಿಕೊಂಡು ಹೋದವನು ಬದುವಿನ ಮೇಲೇ ನಿಂತುಬಿಟ್ಟ. ಸಾಲಿನೊಳಗೆ ಒಡೆದ ಲಿಂಬೆ. ಒಂದಲ್ಲ, ಹದಿನಾರು. ಅವುಗಳಿಗೆ ಬಿಳಿ ಪುಡಿ ಬೇರೆ ಮೆತ್ತಿತ್ತು. ಆತ ಹೆಜ್ಜೆ ಹಿಂದಿಟ್ಟು ಎತ್ತು ತಿರುಗಿಸಿದ. ನಾಲ್ಕು ದಿನ ಹೊಲದೊಳಗೆ ಕಾಲಿಡಲಿಲ್ಲ. ಬದುವಿನ ತಕರಾರು ಇದ್ದ ದೊಡ್ಡಪ್ಪನ ಮಗ ಗುರಣ್ಣನೇ ಮಾಟ ಮಾಡಿಸಿದ್ದಾನೆ ಎಂದು ಓಣಿಯಲ್ಲೆಲ್ಲ ಹೇಳಿದ. ಗುರಣ್ಣ ಇಂಥದ್ದು ಮಾಡಿಸಲಿಕ್ಕೆ ತನಗೆ ಹದಿನಾರು ಹಣ್ಣು ಯಾರು ಕೊಡಬೇಕು, ಒಂದೇ ಸಾಲದೇ ಎಂದು ಜಗಳಕ್ಕೆ ನಿಂತ. ಅದನ್ನು ಕೇಳಿದಾಗ ರೇಣುಕಾಳ ಮುಖದ ನಗೆ ಮಾಯವಾಯಿತು. ಮನೆಯಲ್ಲಿ ಹೇಳಿದರೆ ಆಟ ಬಿಡಿಸುತ್ತಾರೆ ಎಂದು ಅಂಜಿ ಬಾಯಿ ಹೊಲಿದುಕೊಂಡಳು.

ಐದನೆಯ ದಿನ ಮಾಳಿಂಗ ಮಾಟ ತೆಗೆಯುವವನನ್ನು ಕರೆಸಿದ. ಹತ್ತು ಜನ ಕೂಡಿದರು. ಚಂದಪ್ಪ ಮಾಸ್ತರರು ಹೊಲಕ್ಕೆ ಇಳಿದರು, ಒಡೆಯದೆ ಉಳಿದ ಒಂದು ಹಣ್ಣು ಕಾಲಿನಿಂದ ಹುಡುಕಿ ಎತ್ತಿದರು, ಅಂಗಿಗೆ ಒರೆಸಿ ಹಲ್ಲಿನಿಂದ ಕಚ್ಚಿ, ಜೇಬಿನಲ್ಲಿದ್ದ ಚುರಮುರಿ ಪೊಟ್ಟಣಕ್ಕೆ ಹಿಂಡಿಕೊಂಡು ಬದುವಿನ ಮೇಲೆ ಕೂತು ತಿಂದರು. ಜನ ಅವರು ಬೀಳುವುದನ್ನು ಕಾಯುತ್ತ ನಿಂತರು. ಅವರು ಇನ್ನೊಂದಿಷ್ಟು ಉಪ್ಪು ಇದ್ದರೆ ಚೆನ್ನಾಗಿತ್ತು ಎಂದರು, ಇವೆಲ್ಲ ಬಯಲಿನ ಆಟದಲ್ಲಿ ಬಡಿದ ಹಣ್ಣು ಎಂದರು.

ದೇವಿಗೆ ಏರಿಸುವ ಹಣ್ಣನ್ನು ಬಡಿಯುವುದು ಪಾಪ ಅಲ್ಲವೇ ಎಂದು ಮಾಳಿಂಗ ಕೇಳಿದ. ಅದಕ್ಕೆ ಉತ್ತರ ಕೊಟ್ಟವಳು ರೇವವ್ವ. ಇಪ್ಪತ್ತು ವರ್ಷದಲ್ಲಿ ಕಲೆ ಬಿದ್ದ ಒಂದು ಹಣ್ಣನ್ನೂ ದೇವಿಗೆ ಕೊಟ್ಟವಳಲ್ಲ ತಾನು, ಇವು ಬೆನ್ನ ಹಿಂದಿನ ಬುಟ್ಟಿಯವು, ದೇವಿಯದು ಬಲಗಡೆಯ ಬುಟ್ಟಿ ಎಂದಳು. ಆಗ ರೇಣುಕಾ ಮುಂದೆ ಬಂದು, "ಅಪ್ಪಾ, ನಾನ ಬಡದೇನಿ" ಅಂದಳು.

ಮಾಳಿಂಗ ಮಗಳನ್ನು ನೋಡಿದ, ಬಯಲನ್ನು ನೋಡಿದ. ಆಮೇಲೆ ಬಯಲಿನ ಮಣೆಯಿಂದ ತನ್ನ ಹೊಲದ ಹಣ್ಣಿನ ತನಕ ಹೆಜ್ಜೆ ಎಣಿಸಿಕೊಂಡು ನಡೆದ. ಐವತ್ತೆರಡು. ತಿರುಗಿ ಬರುವಾಗ ಮತ್ತೊಮ್ಮೆ ಎಣಿಸಿದ. ಸಂಜೆಯ ಹೊತ್ತಿಗೆ ಆ ಐವತ್ತೆರಡು ಓಣಿಯಲ್ಲಿ ಎಪ್ಪತ್ತಾಗಿತ್ತು, ಅದನ್ನು ಹೇಳುತ್ತಿದ್ದವನು ಅವನೇ.

ಆಗಸ್ಟಿನಲ್ಲಿ ಬಸವನ ಬಾಗೇವಾಡಿಯಲ್ಲಿ ಪಂದ್ಯ ಇತ್ತು. ಆಯ್ಕೆಗೆ ಮುಂಚೆ ಒಂದು ಸಲ ನಿಜವಾದ ಚೆಂಡಿಗೆ ಆಡಿಸಬೇಕು ಎಂದು ಮಾಸ್ತರರು ಗೊತ್ತು ಮಾಡಿದ್ದರು. ಹುಡುಗಿಯರ ಜೊತೆ ಒಬ್ಬ ಹೆಣ್ಣುಮಗಳು ಹೋಗಲೇಬೇಕೆಂಬ ನಿಯಮ. ಸಾಲಿಯಲ್ಲಿ ಕಲಿಸುವ ಬಾಯಿಯರು ಇರಲಿಲ್ಲ. ರೇವವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟಳು. ಕಾಗದದ ಮೇಲೆ ತನ್ನ ಮೂರು ಅಕ್ಷರ ಬರೆದಳು.

ಬಾಗೇವಾಡಿಯ ಹುಡುಗಿ ಚೆಂಡು ಎಸೆಯುತ್ತಿದ್ದಳು. ಒಂದು ಎದೆಯೆತ್ತರ, ಒಂದು ಮೊಣಕಾಲೆತ್ತರ, ಒಂದು ದೂರ. ರೇಣುಕಾಳ ಬ್ಯಾಟು ಮೂರಕ್ಕೂ ಒಂದೇ ಕಡೆ ಬೀಸಿತು. ಟೊಂಕದೆತ್ತರಕ್ಕೆ, ಲಿಂಬೆಹಣ್ಣು ನಿಲ್ಲುವ ಜಾಗಕ್ಕೆ. ಬೀಸು ಅಷ್ಟು ಚಂದ ಇತ್ತು, ಅಲ್ಲಿ ಚೆಂಡು ಮಾತ್ರ ಇರಲಿಲ್ಲ. ಎರಡನೆಯ ಸರದಿಯಲ್ಲೂ ಹಾಗೇ. ಮೂರನೆಯ ಸರದಿಯ ಕಡೆಯ ಚೆಂಡು ಬ್ಯಾಟು ದಾಟಿ ಹಿಂದಿದ್ದ ಹುಡುಗಿಯ ಚರ್ಮದ ಕೈಚೀಲಕ್ಕೆ ಠಪ್ಪೆಂದು ಬಿತ್ತು.

ಚಂದಪ್ಪ ಮಾಸ್ತರರು ಎದ್ದು ನಿಂತು ಚಪ್ಪಾಳೆ ಹೊಡೆದರು. "ಭೇಷ್, ರೇಣಿ, ಓಡು" ಎಂದರು.

ಬಾಗೇವಾಡಿಯ ಹುಡುಗಿಯರು ಕಿಸಕ್ಕನೆ ನಕ್ಕರು. ರೇಣುಕಾ ಬ್ಯಾಟು ಕೆಳಗಿಟ್ಟು ತಲೆ ತಗ್ಗಿಸಿದಳು, ಮಾಸ್ತರರು ತನ್ನನ್ನು ಹಂಗಿಸಿದರು ಎಂದುಕೊಂಡಳು. ರೇವವ್ವ ಮಾತ್ರ ಮಾಸ್ತರರ ಕಣ್ಣು ನೋಡಿದಳು. ಮೊದಲ ದಿನ ತುಳಿದ ಎರಡು ಹಣ್ಣು, ದಿಕ್ಕು ದಿಕ್ಕಿಗೆ ಒಗೆದ ಹಣ್ಣು, ಹೊಲದಲ್ಲಿ ಕಾಲಿನಿಂದ ಹುಡುಕಿದ ಹಣ್ಣು, ಪ್ರತಿ ಸಲದ ಆ ಪ್ರಶ್ನೆ, ಎಲ್ಲಾ ಒಂದು ಬುಟ್ಟಿಗೆ ಬಂದು ಬಿದ್ದವು.

ಸಿಂದಗಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಹುಡುಗಿಯರು ನಿದ್ದೆ ಹೋದರು. ಆಗ ರೇವವ್ವ, ಎಷ್ಟು ದಿನದಿಂದ ಎಂದಷ್ಟೇ ಕೇಳಿದಳು. ಏನು ಎಂದು ಮಾಸ್ತರರು ಕೇಳಲಿಲ್ಲ.

"ಎರಡು ವರ್ಷ ಆತವ್ವಾ. ಸಕ್ರಿ ರೋಗ ಕಣ್ಣಿಗೆ ಇಳದೈತಿ ಅಂತಾರ ಡಾಕ್ಟರು. ನಡುವ ಹೊಗಿ ಕುಂತಂಗ ಐತಿ, ಸುತ್ತ ಎಲ್ಲಾ ಕಾಣತೈತಿ. ಈಗ ನಿನ್ನ ಕಿವಿ ಕಾಣತಾವ, ಮಾರಿ ಕಾಣವಲ್ದು."

ಸಾಲಿಯಲ್ಲಿ ಗೊತ್ತಾದರೆ ತಂಡವನ್ನು ತಮ್ಮ ಕೈಯಿಂದ ಬಿಡಿಸುತ್ತಾರೆ, ತೆಗೆದುಕೊಳ್ಳುವವರು ಬೇರೆ ಯಾರೂ ಇಲ್ಲ, ರೇಣುಕಾ ಆಯ್ಕೆಗೆ ಹೋಗದೆಯೇ ಉಳಿಯುತ್ತಾಳೆ ಎಂದರು. ತಪ್ಪು ಅವರದಲ್ಲ, ತನ್ನದು ಎಂದು ರೇವವ್ವನಿಗೆ ಬಾಗೇವಾಡಿಯಲ್ಲೇ ಹೊಳೆದಿತ್ತು. ಹೇಳುವ ಧೈರ್ಯ ತಾಂಬಾದ ದೀಪ ಕಂಡ ಮೇಲೆ ಬಂತು.

"ಹುಡುಗಿ ಹಣ್ಣು ನೋಡಿ ಬಡಿಲಿಲ್ಲರಿ ಮಾಸ್ತರ. ನನ್ನ ಕೈ ನಂಬಿ ಬಡದ್ಲು. ನೀವು ಕಾಣದ ಒಗೀತಿದ್ದದ್ದ ಬರೋಬ್ಬರಿ ಇತ್ತು."

ಮಾಸ್ತರರು ಕತ್ತಲಲ್ಲಿ ನಕ್ಕರು. ಹನ್ನೆರಡು ವರ್ಷದಲ್ಲಿ ತಾವು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು, ಅದೂ ಕುರುಡುತನದಿಂದ ಎಂದರು.

ಆಯ್ಕೆಗೆ ಇಪ್ಪತ್ತೆರಡು ದಿನ ಉಳಿದಿದ್ದವು. ರೇವವ್ವ ಬೆನ್ನ ಹಿಂದಿನ ಬುಟ್ಟಿಗೆ ಸಣ್ಣದು, ದೊಡ್ಡದು, ನಡುತರದ್ದು ಎಲ್ಲಾ ಕಲೆಸಿ ತಂದಳು. ಇಪ್ಪತ್ತು ವರ್ಷ ಬೇರೆ ಮಾಡಿದ್ದನ್ನು ಕಲೆಸುವಾಗ ಆಕೆಯ ಬೆರಳು ತಾವೇ ದೊಡ್ಡದನ್ನು ಬಲಕ್ಕೆ ಸರಿಸುತ್ತಿದ್ದವು. ಒಗೆಯುವುದು ಇನ್ನೂ ಕಷ್ಟ. ಬೇರೆ ಕಡೆ ಹೋಗಲಿ ಎಂದು ಒಗೆದರೂ ಕೈ ಹೇಳಿದ ಮಾತು ಕೇಳುತ್ತಿರಲಿಲ್ಲ, ಹಣ್ಣು ಮತ್ತೆ ಟೊಂಕದೆತ್ತರಕ್ಕೇ ಏರುತ್ತಿತ್ತು. ಎಡಗೈಯಿಂದ ಒಗೆದಳು. ಮೂರು ದಿನದಲ್ಲಿ ಎಡಗೈಯೂ ಕಲಿತುಬಿಟ್ಟಿತು. ಕಡೆಗೆ ಮುಖ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಒಗೆಯತೊಡಗಿದಳು. ಮೊದಲ ದಿನ ಒಂದು ಹಣ್ಣು ಮಾಸ್ತರರ ಎದೆಗೆ ಬಿತ್ತು. "ಯವ್ವಾ, ನಾನೂ ಕುರುಡ, ನೀನೂ ಕುರುಡಿ, ಕಣ್ಣಿದ್ದಾಕಿ ಒಬ್ಬಾಕೀನ" ಎಂದರು ಅವರು. ಆ ಸಂಜೆ ರೇಣುಕಾಳಿಗೂ ಗೊತ್ತಾಯಿತು, ಬಾಗೇವಾಡಿಯಲ್ಲಿ ಮಾಸ್ತರರು ಹಂಗಿಸಿರಲಿಲ್ಲ ಎಂದು. ಮರುದಿನದಿಂದ ಪ್ರತಿ ಬಡಿತದ ಮೇಲೆ ಅವರು ಕೇಳುವ ಮುಂಚೆಯೇ ಬ್ಯಾಟನ್ನು ರೇವವ್ವನ ಮುಂದೆ ಚಾಚುತ್ತಿದ್ದಳು.

ಹುಡುಗಿ ಈಗ ಹಣ್ಣನ್ನು ನೋಡುತ್ತಿದ್ದಳು. ಕೈಯಿಂದ ಬಿಟ್ಟ ಗಳಿಗೆಯಿಂದ ಬ್ಯಾಟಿಗೆ ತಗಲುವ ತನಕ ಗಲ್ಲ ಅಲ್ಲಾಡದೆ ನೋಡುತ್ತಿದ್ದಳು. ಗುರುತು ನಾಲ್ಕು, ಹತ್ತು, ಆರು, ಹನ್ನೊಂದು ಎಂದು ಚೆಲ್ಲಾಪಿಲ್ಲಿಯಾಯಿತು. ಹದಿನೈದನೆಯ ದಿನದ ಹೊತ್ತಿಗೆ ಆರಕ್ಕೂ ಹತ್ತಕ್ಕೂ ನಡುವೆ ಬಂದು ಕೂತಿತು. ಎಂಟಕ್ಕೆ ಅದಕ್ಕಿಂತ ಹತ್ತಿರ ಬರಲಿಲ್ಲ, ಅಷ್ಟರಲ್ಲಿ ದಿನಗಳೂ ಮುಗಿದವು.

ಆಯ್ಕೆ ಮುದ್ದೇಬಿಹಾಳದಲ್ಲಿ. ಒಬ್ಬೊಬ್ಬರಿಗೆ ಹತ್ತು ಚೆಂಡು. ಬೆಳಗ್ಗೆ ರೂಢಿಯ ಪ್ರಕಾರ ರೇವವ್ವ ಬ್ಯಾಟಿಗೆ ಖಡು ಬಳಿದಿದ್ದಳು, ಯಾರೂ ಬೇಡ ಅನ್ನಲಿಲ್ಲ. ಮಾಸ್ತರರು ಹಗ್ಗದ ಆಚೆ ಬೆಂಚಿನ ಮೇಲೆ ಕೂತಿದ್ದರು. ಎರಡೂ ಅಂಗೈ ಮೊಣಕಾಲಿನ ಮೇಲೆ, ಮುಖ ಒಂದು ಕಡೆ ವಾಲಿಸಿ. ನೋಡುವವರ ಹಾಗಲ್ಲ, ಕೇಳುವವರ ಹಾಗೆ.

ರೇಣುಕಾ ಮೊದಲ ಮೂರು ಬಿಟ್ಟಳು. ನಾಲ್ಕನೆಯದು ತಗಲಿ ಪಕ್ಕಕ್ಕೆ ಹೋಯಿತು. ಆಮೇಲೆ ಎರಡು ಚೆನ್ನಾಗಿ ಹೋದವು, ಒಂದು ಬಿಟ್ಟಳು, ಎರಡು ನೆಲ ಹಿಡಿದು ಓಡಿದವು. ಉಳಿದದ್ದು ಒಂದು. ಅದು ಎದೆಯೆತ್ತರ, ಸ್ವಲ್ಪ ಹೊರಗೆ ಬಂತು. ಹುಡುಗಿಯ ಟೊಂಕ ಮೊದಲು ತಿರುಗಿದ್ದನ್ನು ರೇವವ್ವ ಕಂಡಳು, ಕೈ ಹಿಂದಿನಿಂದ ಬಂದದ್ದನ್ನು ಕಂಡಳು. ಚೆಂಡು ಎದ್ದಿತು. ಬಯಲಿನ ತುದಿಯ ಜಾಲಿಗಿಡದ ಮೇಲಿನಿಂದ ಹೋಯಿತು. ಆಯ್ಕೆ ಮಾಡಲು ಬಂದವರು ಪೆನ್ನು ಎತ್ತಿ ಅದು ಹೋದ ಕಡೆ ನೋಡಿದರು.

ಮಾಸ್ತರರು ಚಪ್ಪಾಳೆ ಹೊಡೆಯಲಿಲ್ಲ. ಬಾಗೇವಾಡಿಯ ಅಂಜಿಕೆ ಅವರನ್ನು ಬಿಟ್ಟಿರಲಿಲ್ಲ. ರೇವವ್ವನ ಕಡೆ ತಿರುಗಿ, ಎಲ್ಲರಿಗೂ ಕೇಳದ ದನಿಯಲ್ಲಿ ಗುರುತು ಎಲ್ಲೈತಿ ಎಂದರು.

ರೇಣುಕಾ ಓಡಿ ಬಂದು ಬ್ಯಾಟು ಚಾಚಿದಳು. ರೇವವ್ವ ಮೊದಲಿನ ಗುರುತುಗಳ ನಡುವೆ ಹೊಸದನ್ನು ಹುಡುಕಿ ತುದಿಯಿಂದ ಬೆರಳಿಟ್ಟಳು. ಆರು. ಮತ್ತೊಮ್ಮೆ ಇಟ್ಟಳು. ಆರೇ. ಮಾಸ್ತರರ ಮುಖ ನೋಡಿದಳು. ಹನ್ನೆರಡು ವರ್ಷ ಒಂದು ಕಡೆ ಕೂಡಿ ಆ ಮುಖದ ಮೇಲೆ ನಿಂತಿತ್ತು. ಸಣ್ಣದನ್ನು ದೊಡ್ಡದರ ಬುಟ್ಟಿಗೆ ಎಂದೂ ಹಾಕದ ರೇವವ್ವ, "ಎಂಟ ಅದಾವ್ರಿ" ಅಂದಳು.

ರೇಣುಕಾ ಆಕೆಯ ಬೆರಳನ್ನೇ ನೋಡುತ್ತಿದ್ದಳು. ಬ್ಯಾಟನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಸಂಜೆ ಹದಿನಾರು ಹೆಸರು ಓದಿದರು. ಹದಿನಾಲ್ಕನೆಯದು ತಾಂಬಾದ ಹೆಸರು. ಮಾಸ್ತರರು ಇನ್ನೊಮ್ಮೆ ಓದಲು ಹೇಳಿದರು. ಓದಿದವರು ಬೇಸರಪಟ್ಟುಕೊಂಡೇ ಓದಿದರು.

ಇದೆಲ್ಲ ಆಗಿ ಆರು ವರ್ಷವಾಯಿತು. ರೇಣುಕಾ ಆ ವರ್ಷ ಹೊರ ರಾಜ್ಯಕ್ಕೆ ಹೋಗಿ ಆಡಿ ಬಂದಳು. ಅವರ ತಂಡ ಗೆಲ್ಲಲಿಲ್ಲ, ಆದರೆ ಬೆನ್ನ ಮೇಲೆ ಕರ್ನಾಟಕ ಎಂದು ಬರೆದ ಅಂಗಿಯನ್ನು ಮಾಳಿಂಗ ಒಗೆಯಲು ಸಹ ಕೊಡಲಿಲ್ಲ. ಈಗ ಆಕೆ ವಿಜಯಪುರದಲ್ಲಿ ಡ್ರಿಲ್ ಟೀಚರ್ ಆಗುವ ಓದು ಓದುತ್ತಾಳೆ. ಇಜಾಜನ ಶೆಡ್ಡಿಗೆ ಗಾತ್ರ ನೋಡುವ ಯಂತ್ರ ಬಂದಿದೆ. ರೇವವ್ವ ಅದರ ಪಕ್ಕ ಕೂತು ಅದು ಮಾಡಿದ ತಪ್ಪು ಹೆಕ್ಕುತ್ತಾಳೆ. ದಿನಕ್ಕೆ ನಲವತ್ತು ಐವತ್ತು ಸಿಗುತ್ತವೆ.

ಮಾಸ್ತರರು ನಿವೃತ್ತರಾಗಿ ಝಳಕಿಯ ತಮ್ಮ ಮನೆಗೆ ಹೋದರು. ತಿಂಗಳಿಗೊಮ್ಮೆ ರೇವವ್ವ ಲಿಂಬೆ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ಅವರಿಗೆ ಸಕ್ಕರೆ ಹಾಕದ ಲಿಂಬೆ ನೀರೇ ಕುಡಿಯಬಹುದಾದ ಪಾನಕ. ಅವರ ಮಗಳು ಪ್ರಜ್ಞಾ ಅಲ್ಲೇ ಸಾಲಿಯಲ್ಲಿ ಟೀಚರು. ಬಾಬಾಸಾಹೇಬರ ಫೋಟೊದ ಕೆಳಗೆ ಚಾಪೆ ಹಾಸಿ ರೊಟ್ಟಿ ಬಡಿಸುತ್ತಿದ್ದಳು. ದಲಿತರ ಓಣಿಯ ಮನೆಯಲ್ಲಿ ರೇವವ್ವ ಮೊದಲ ಸಲ ಉಂಡದ್ದು ಅಲ್ಲಿ. ಉಂಡು ಕೈ ತೊಳೆಯುವಾಗ, ಇಷ್ಟು ವರ್ಷ ಯಾಕೆ ಉಂಡಿರಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು.

ಹೋದ ಮಾಘದಲ್ಲಿ ಹೋದಾಗ ಮಾಸ್ತರರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಕಣ್ಣಿಗೆ ಸುತ್ತ ಕಾಣುತ್ತಿದ್ದದ್ದೂ ಹೋಗಿತ್ತು. ಕಾಲು ಬಾತಿದ್ದವು. ಹೆಜ್ಜೆಯ ಸಪ್ಪಳದಿಂದಲೇ ಆಕೆಯನ್ನು ಗುರುತಿಸಿದರು. ಹೆದ್ದಾರಿಯ ಲಾರಿಗಳ ಸಪ್ಪಳ ಕೇಳುತ್ತ, ಯಾವುದು ತುಂಬಿದ್ದು ಯಾವುದು ಖಾಲಿ ಎಂದು ಹೇಳಿ ಆಕೆಯನ್ನು ನಗಿಸಿದರು. ಒಂದೂ ತಪ್ಪಲಿಲ್ಲ. ರೇಣುಕಾ ಹೇಗಿದ್ದಾಳೆ, ಬೇರೆ ಹುಡುಗಿಯರಿಗೆ ಕವಣೆ ಬೀಸಲು ಹೇಳಿಕೊಡುತ್ತಾಳಾ ಎಂದು ವಿಚಾರಿಸಿದರು. ಹೇಳಿಕೊಡುತ್ತಾಳೆ ಎಂದಳು. ಗಂಟು ಬಿಚ್ಚಿ ಹಣ್ಣು ಬುಟ್ಟಿಗೆ ಸುರುವಿದಳು. ಅವರು ಒಂದು ಹಣ್ಣು ಕೈಗೆ ತೆಗೆದುಕೊಂಡು ಅಂಗೈಯಲ್ಲಿ ತಿರುಗಿಸುತ್ತ ಕೂತರು. ಬಸ್ಸಿನ ಹೊತ್ತಾಯಿತು. ರೇವವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಬರುವ ತಿಂಗಳು ಬರುತ್ತೇನೆ ಎಂದಳು. ಬರುವ ತಿಂಗಳ ತನಕ ಅವರು ಉಳಿಯುವುದಿಲ್ಲ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಆಕೆ ಮೂರು ಮೆಟ್ಟಿಲು ಇಳಿದಿದ್ದಳು. ಮೇಲಿನಿಂದ ಮಾಸ್ತರರು ನಿಲ್ಲು ಎಂದರು. ಕೈಯಲ್ಲಿನ ಹಣ್ಣನ್ನು ತಿರುಗಿಸುವುದು ನಿಲ್ಲಿಸಿದ್ದರು. ಮುಖ ಒಂದು ಕಡೆ ವಾಲಿಸಿದ್ದರು, ಮುದ್ದೇಬಿಹಾಳದ ಬೆಂಚಿನ ಮೇಲೆ ವಾಲಿಸಿದ್ದ ಹಾಗೇ.

"ರೇವವ್ವಾ, ಅವತ್ತು ಆ ಕಡೀ ಚೆಂಡಿಗೆ ನನ್ನ ಕಿವಿಗೆ ಒಡಕು ಕೊಡದ ಸಪ್ಪಳ ಬಂದಿತ್ತು. ಆರು ವರ್ಷ ಕೇಳಬಾರದು ಅಂತ ಸುಮ್ಮನಿದ್ದೆ. ಖರೇ ಹೇಳವ್ವಾ, ಎಂಟ ಇತ್ತೇನು?"